ಕ್ರೈಸ್ತ ನಿರೀಕ್ಷೆ: ಶೋಕದಲ್ಲಿ, ಕಾಯುವಿಕೆಯಲ್ಲಿ

ಕ್ರೈಸ್ತ ದೇವಶಾಸ್ತ್ರದಲ್ಲಿ ನಂಬಿಕೆ, ನಿರೀಕ್ಷೆ, ಪ್ರೀತಿ ಈ ಮೂರಕ್ಕೆ ದೈವಿಕ ಸದ್ಗುಣಗಳು ಎಂದು ಹೆಸರು. ನಂಬಿಕೆಯ ಹೆಸರಿನಲ್ಲಿ ಸಭೆಗಳು ಒಡೆದಿವೆ, ಪ್ರೀತಿಯ ಬಗ್ಗೆ ಪ್ರತಿ ಭಾನುವಾರ ಪ್ರಸಂಗಗಳಾಗುತ್ತವೆ. ನಡುವಿನ ನಿರೀಕ್ಷೆಯ ನೆನಪಾಗುವುದು ಹೆಚ್ಚಾಗಿ ಸ್ಮಶಾನದಲ್ಲಿ. ದೇವರು ಕೊಟ್ಟ ಮಾತು ಈಡೇರುತ್ತದೆ, ಸತ್ತವರು ಎದ್ದುಬರುತ್ತಾರೆ, ಲೋಕ ಹೊಸದಾಗುತ್ತದೆ ಎಂದು ಕಾಯುವುದೇ ನಿರೀಕ್ಷೆ ಎಂಬುದು ಅದರ ಶಾಸ್ತ್ರೀಯ ಅರ್ಥ. ಮನೆಯಲ್ಲಿ ಸಾವಾದಾಗ, ಕೇಳಿಕೊಂಡದ್ದು ಸಿಗದೆ ವರ್ಷಗಳೇ ಸರಿದಾಗ ಈ ಸದ್ಗುಣ ಏನಾಗುತ್ತದೆ ಎಂಬುದಷ್ಟೇ ಈ ಲೇಖನದ ವ್ಯಾಪ್ತಿ. ಕ್ರೈಸ್ತ ನಿರೀಕ್ಷೆ ಎಂದರೆ ಅಳುವವರ ಬಾಯಿ ಮುಚ್ಚಿಸುವ ಸಮಾಧಾನದ ಮಾತು ಎಂದು ಹೊರಗಿನವರಿಗೆ ಅನಿಸುವುದುಂಟು. ಒಳಗಿನವರಲ್ಲೂ ಹಾಗೆ ತಿಳಿದವರು ಕಡಿಮೆಯಿಲ್ಲ. ಆದರೆ ಈ ಪರಂಪರೆಯ ಮೂಲಗ್ರಂಥಗಳನ್ನು ಓದಿದರೆ ಗೋಳು ಮತ್ತು ನಿರೀಕ್ಷೆ ಒಂದೇ ಬಾಯಿಂದ, ಒಂದೇ ಉಸಿರಿನಲ್ಲಿ ಹೊರಡುವುದು ಕಾಣುತ್ತದೆ. ಎರಡನ್ನೂ ಬೇರ್ಪಡಿಸಿದಾಗಲೆಲ್ಲ ನಿರೀಕ್ಷೆಯೇ ಸೊರಗಿದೆ.

ಪದ

ಹೀಬ್ರೂ ಭಾಷೆಯಲ್ಲಿ ಕಾಯುವುದಕ್ಕೂ ನಿರೀಕ್ಷಿಸುವುದಕ್ಕೂ ‘ಕಾವಾ’ ಎಂಬ ಒಂದೇ ಧಾತು. ಅದರಿಂದ ಬಂದ ನಾಮಪದ ‘ತಿಕ್ವಾ’. ಯೆಹೋಶುವನ ಗ್ರಂಥದಲ್ಲಿ ಯೆರಿಕೋ ಪಟ್ಟಣದ ರಾಹಾಬಳು ಕಿಟಕಿಗೆ ಕಟ್ಟುವ ಕೆಂಪು ದಾರಕ್ಕೂ ಇದೇ ಪದ ಬಳಕೆಯಾಗಿದೆ. ಊರೆಲ್ಲ ಉರುಳುವಾಗ ಮನೆಯವರ ಜೀವ ಉಳಿಸಿದ ದಾರವದು. ಗ್ರೀಕಿನ ‘ಎಲ್ಪಿಸ್’ ಅಷ್ಟು ನೆಚ್ಚಬಹುದಾದ ಪದವಲ್ಲ. ಒಳ್ಳೆಯದು ಬಂದೀತೆಂಬ ಎಣಿಕೆಯೂ ಎಲ್ಪಿಸ್, ಕೆಟ್ಟದ್ದು ಬಂದೀತೆಂಬ ಅಂಜಿಕೆಯೂ ಎಲ್ಪಿಸ್. ಪಂಡೋರಾಳ ಜಾಡಿಯಿಂದ ಪೀಡೆಗಳೆಲ್ಲ ಹಾರಿಹೋದ ಮೇಲೆ ಒಳಗೆ ಉಳಿದದ್ದು ಎಲ್ಪಿಸ್ ಎಂದು ಗ್ರೀಕ್ ಕವಿ ಹೆಸಿಯಡ್ ಹೇಳುತ್ತಾನೆ. ಅದು ವರವೋ ಇನ್ನೊಂದು ಪೀಡೆಯೋ ಎಂದು ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ. ಹೊಸ ಒಡಂಬಡಿಕೆಯ ಲೇಖಕರು ಈ ಪದವನ್ನು ಒಳಿತಿನ ಕಡೆಗೇ ಒಲಿಸಿಕೊಂಡರು.

ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಅವರ ದುಡಿಮೆಯಿಂದ 1831ರಲ್ಲಿ ಇಡೀ ಬೈಬಲ್ ಕನ್ನಡದಲ್ಲಿ ಬಂತು. ಇಂದು ಪ್ರಚಲಿತವಿರುವ ಕನ್ನಡ ಸತ್ಯವೇದದಲ್ಲಿ ಎಲ್ಪಿಸ್‌ಗೆ ಎದುರಾಗಿ ನಿಂತಿರುವ ಪದ ‘ನಿರೀಕ್ಷೆ’. ‘ಭರವಸೆ’ ಎಂಬ ಪದವೂ ಕೈಗೆಟುಕುವಂತಿತ್ತು. ಆದರೆ ಭರವಸೆ ಇನ್ನೊಬ್ಬರು ಕೊಡುವಂಥದು. ಚುನಾವಣೆಯ ಕಾಲದಲ್ಲಿ ಧಾರಾಳವಾಗಿ ಸಿಗುವಂಥದು. ‘ನಿರೀಕ್ಷೆ’ಯಲ್ಲಿ ಈಕ್ಷಿಸುವ ಕಣ್ಣಿದೆ, ಬಾಗಿಲ ಕಡೆಗೆ ನೋಡುತ್ತ ಕೂತವರ ದಣಿವೂ ಇದೆ. ನಿರೀಕ್ಷಣಾ ಜಾಮೀನಿಗೆ ಅರ್ಜಿ ಹಾಕಿದವನನ್ನು ಕೇಳಿದರೂ ಆ ದಣಿವಿನ ಅಂದಾಜು ಸಿಕ್ಕೀತು. ಹೀಬ್ರೂ ಧಾತುವಿನಲ್ಲಿ ಕೂಡಿಕೊಂಡಿದ್ದ ಕಾಯುವಿಕೆ ಮತ್ತು ಆಶೆ ಗ್ರೀಕಿನಲ್ಲಿ ಸ್ವಲ್ಪ ದೂರವಾಗಿ, ಕನ್ನಡಕ್ಕೆ ಬಂದಾಗ ಮತ್ತೆ ಜೊತೆಯಾದವು. ಅನುವಾದದ ಚರಿತ್ರೆಯಲ್ಲಿ ಇಂಥ ಅದೃಷ್ಟ ಅಪರೂಪ.

ಗೋಳಿನ ಪುಸ್ತಕಗಳು

ಹಳೆಯ ಒಡಂಬಡಿಕೆಯ 150 ಕೀರ್ತನೆಗಳಲ್ಲಿ ಮೂರನೆಯ ಒಂದಕ್ಕೂ ಹೆಚ್ಚು ಪಾಲು ದೂರು, ಮೊರೆ, ಗೋಳಿನದು. ಅವುಗಳಿಗೆ ಒಂದು ನಡಿಗೆಯಿದೆ: ದೇವರನ್ನು ಕೂಗುವುದು, ನೋವನ್ನು ಮುಚ್ಚುಮರೆಯಿಲ್ಲದೆ ತೋಡಿಕೊಳ್ಳುವುದು, ಬೇಡುವುದು, ಕೊನೆಗೆ ಯಾವುದೋ ತಿರುವಿನಲ್ಲಿ ಭರವಸೆಗೆ ಹೊರಳುವುದು. 13ನೇ ಕೀರ್ತನೆಯ ಮೊದಲೆರಡು ವಚನಗಳಲ್ಲಿ ‘ಇನ್ನೆಷ್ಟು ಕಾಲ’ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಆರನೇ ವಚನಕ್ಕೆ ಬರುವಷ್ಟರಲ್ಲಿ ಹಾಡುವ ಮಾತು ಕೇಳುತ್ತದೆ. ನಡುವೆ ಏನು ನಡೆಯಿತೆಂದು ಪದ್ಯ ಹೇಳುವುದಿಲ್ಲ. 88ನೆಯದು ಈ ನಡಿಗೆಯನ್ನೇ ಮುರಿಯುತ್ತದೆ. ಕತ್ತಲೆಯಲ್ಲಿ ಆರಂಭವಾಗಿ ಕತ್ತಲೆಯಲ್ಲೇ ಮುಗಿಯುವ ಆ ಕೀರ್ತನೆಯನ್ನು ಯಾರೂ ತಿದ್ದದೆ, ತೆಗೆಯದೆ ಹಾಗೆಯೇ ಉಳಿಸಿಕೊಂಡರು. ಹೊರಳದ ಮೊರೆಯೂ ಪ್ರಾರ್ಥನೆಯೇ ಎಂದು ಒಪ್ಪಿಕೊಂಡ ಹಾಗಾಯಿತು. 130ನೆಯದು ಆಳದಿಂದ ಕೂಗಿ, ಬೆಳಗಿಗಾಗಿ ಕಾಯುವ ಕಾವಲುಗಾರನ ಉಪಮೆಯನ್ನು ಎರಡು ಸಲ ಹೇಳುತ್ತದೆ. ರಾತ್ರಿಪಾಳಿ ಮಾಡಿದವರಿಗೆ ಅದನ್ನು ವಿವರಿಸಬೇಕಿಲ್ಲ: ಬೆಳಗು ಬರುವುದರಲ್ಲಿ ಸಂಶಯವಿಲ್ಲ, ಆದರೂ ಗಡಿಯಾರದ ಮುಳ್ಳು ಸರಿಯುವುದಿಲ್ಲ.

ಬ್ಯಾಬಿಲೋನಿನ ಸೈನ್ಯ ಕ್ರಿ.ಪೂ. 587ರ ಸುಮಾರಿಗೆ ಯೆರೂಸಲೇಮನ್ನೂ ಅದರ ದೇವಾಲಯವನ್ನೂ ಕೆಡವಿದ ಮೇಲೆ ಹುಟ್ಟಿದ ಐದು ಶೋಕಗೀತೆಗಳಿಗೆ ಕನ್ನಡದಲ್ಲಿ ‘ಪ್ರಲಾಪಗಳು’ ಎಂದು ಹೆಸರು. ಮೊದಲ ನಾಲ್ಕು ಅಧ್ಯಾಯಗಳು ಹೀಬ್ರೂ ವರ್ಣಮಾಲೆಯ 22 ಅಕ್ಷರಗಳ ಕ್ರಮದಲ್ಲಿವೆ. ಮೂರನೆಯದರಲ್ಲಿ ಪ್ರತಿ ಅಕ್ಷರಕ್ಕೂ ಮೂರು ಸಾಲು, ಒಟ್ಟು 66 ವಚನ. ಕ್ರೈಸ್ತರು ಸಾಂತ್ವನಕ್ಕೆಂದು ಅತಿ ಹೆಚ್ಚು ನೆನೆಯುವ, ದೇವರ ಕರುಣೆ ಮುಂಜಾನೆ ಮುಂಜಾನೆಗೆ ಹೊಸದಾಗುತ್ತದೆ ಎಂಬ ಮಾತು ಇರುವುದು ಇಲ್ಲೇ, ಪುಸ್ತಕದ ನಟ್ಟನಡುವೆ. ಗೋಡೆಗೆ ತೂಗುಹಾಕುವ ಕ್ಯಾಲೆಂಡರುಗಳು ಆ ಸಾಲನ್ನು ಮಾತ್ರ ಕತ್ತರಿಸಿ ಮುದ್ರಿಸುತ್ತವೆ. ಅದರ ಮುಂದೆಯೂ ಹಿಂದೆಯೂ ಹಸಿದ ಮಕ್ಕಳು, ಉರಿದ ಬೀದಿಗಳು. ಪುಸ್ತಕ ಮುಗಿಯುವುದೂ ಕರುಣೆಯ ಮೇಲಲ್ಲ, ದೇವರು ನಮ್ಮನ್ನು ಪೂರ್ತಿ ಕೈಬಿಟ್ಟನೇ ಎಂಬ ಶಂಕೆಯ ಮೇಲೆ. ಅಳುವಿಗೆ ಅಕ್ಷರಮಾಲೆಯ ಕಟ್ಟನ್ನು ಯಾಕೆ ಹಾಕಿದರು ಎಂಬುದಕ್ಕೆ ಹಲವು ಊಹೆಗಳಿವೆ. ಗೋಳಿಗೆ ಕೊನೆಯೇ ಕಾಣದಿದ್ದಾಗ ಅಕ್ಷರಗಳಿಗಾದರೂ ಕೊನೆಯಿದೆ ಎಂಬುದು ಒಂದು.

ಯೋಬನ ಕಥೆಯಲ್ಲಿ ಮೂವರು ಗೆಳೆಯರು ಬಂದು ಏಳು ದಿನ, ಏಳು ರಾತ್ರಿ ಅವನೊಂದಿಗೆ ನೆಲದ ಮೇಲೆ ಮಾತಿಲ್ಲದೆ ಕೂರುತ್ತಾರೆ. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಹೇಳುವುದೆಲ್ಲ ನಮ್ಮ ಸಾವಿನ ಮನೆಗಳಲ್ಲೂ ಕೇಳುವ ಮಾತುಗಳ ಜಾತಿಯದೇ: ಕಾರಣವಿಲ್ಲದೆ ಹೀಗಾಗುವುದಿಲ್ಲ, ಎಲ್ಲ ಒಳ್ಳೆಯದಕ್ಕೇ, ನೀನೆಲ್ಲೋ ತಪ್ಪಿರಬೇಕು. ಗ್ರಂಥದ ಕೊನೆಯಲ್ಲಿ ದೇವರು ಸಿಟ್ಟಾಗುವುದು ಕೂಗಾಡಿದ ಯೋಬನ ಮೇಲಲ್ಲ, ತನ್ನ ಪರವಾಗಿ ವಕಾಲತ್ತು ವಹಿಸಿದ ಈ ಗೆಳೆಯರ ಮೇಲೆ.

ಪೌಲನ ಪತ್ರ ಮತ್ತು ಲಾಜರನ ಗವಿ

ಕ್ರಿ.ಶ. 50ರ ಆಸುಪಾಸಿನಲ್ಲಿ ಪೌಲನು ಥೆಸಲೊನೀಕದ ಸಭೆಗೆ ಬರೆದ ಮೊದಲ ಪತ್ರ ಹೊಸ ಒಡಂಬಡಿಕೆಯ ಅತ್ಯಂತ ಹಳೆಯ ಬರಹವೆಂದು ಬಹುತೇಕ ವಿದ್ವಾಂಸರ ಅಭಿಪ್ರಾಯ. ಅಂದರೆ ನಮಗೆ ಸಿಗುವ ಮೊದಲ ಕ್ರೈಸ್ತ ಬರಹದಲ್ಲೇ ಸಾವಿನ ಮನೆಯ ಪ್ರಶ್ನೆಯಿದೆ. ಕ್ರಿಸ್ತನು ಬೇಗನೆ ಮರಳಿ ಬರುತ್ತಾನೆಂದು ಆ ಸಭೆ ಕಾದಿತ್ತು. ಅವನು ಬರುವ ಮೊದಲೇ ಕೆಲವರು ಸತ್ತರು. ಅವರ ಗತಿಯೇನು? ಪೌಲನ ಉತ್ತರದ ಒಂದು ವಾಕ್ಯವನ್ನು ಸಾವಿರಾರು ಅಂತ್ಯಕ್ರಿಯೆಗಳಲ್ಲಿ ತಪ್ಪಾಗಿ ಓದಲಾಗಿದೆ. ಅವನು ದುಃಖಿಸಬೇಡಿ ಎನ್ನಲಿಲ್ಲ. ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿ ಎಂದ. ಸತ್ತವರನ್ನು ಅವನು ‘ನಿದ್ರೆಹೋದವರು’ ಎನ್ನುತ್ತಾನೆ. ಅದೇ ಗ್ರೀಕ್ ಧಾತುವಿನಿಂದ ಬಂದ ‘ಕೊಯ್ಮೆತೇರಿಯೊನ್’, ಅಂದರೆ ಮಲಗುವ ಜಾಗ, ಕ್ರೈಸ್ತರ ಬಾಯಲ್ಲಿ ಸ್ಮಶಾನದ ಹೆಸರಾಯಿತು. ಇಂಗ್ಲಿಷಿನ ಸೆಮೆಟರಿ ಅದರ ಮೊಮ್ಮಗಳು. ರೋಮಿನ ನೆಲಮಾಳಿಗೆಯ ಗೋರಿಗಳಲ್ಲಿ, ದೊಮಿತಿಲ್ಲಾ ಮತ್ತು ಪ್ರಿಸಿಲ್ಲಾ ಕಟಕೂಂಬುಗಳಲ್ಲಿ, ಶಿಲುಬೆಗಿಂತ ಹೆಚ್ಚಾಗಿ ಕಾಣುವ ಗುರುತುಗಳಲ್ಲೊಂದು ಹಡಗಿನ ಲಂಗರು. ಇಬ್ರಿಯರಿಗೆ ಬರೆದ ಪತ್ರ ನಿರೀಕ್ಷೆಯನ್ನು ಪ್ರಾಣಕ್ಕೆ ಹಾಕಿದ ಲಂಗರು ಎನ್ನುತ್ತದೆ. ಲಂಗರು ಬಿರುಗಾಳಿಯನ್ನು ನಿಲ್ಲಿಸುವುದಿಲ್ಲ, ಹಡಗು ಕೊಚ್ಚಿಹೋಗದಂತೆ ಹಿಡಿದಿರುತ್ತದೆ.

ಪೌಲನೇ ರೋಮಿನವರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯ ಇದರ ಮುಂದಿನ ಹೆಜ್ಜೆ. ಅಲ್ಲಿ ಇಡೀ ಸೃಷ್ಟಿ ಹೆರಿಗೆ ನೋವಿನಲ್ಲಿ ನರಳುತ್ತದೆ, ವಿಶ್ವಾಸಿಗಳೂ ನರಳುತ್ತಾರೆ, ಮಾತು ಸಿಗದಿದ್ದಾಗ ಪವಿತ್ರಾತ್ಮನೇ ಅವರೊಳಗಿಂದ ನರಳುತ್ತಾನೆ. ಕಣ್ಣಿಗೆ ಕಂಡದ್ದನ್ನು ನಿರೀಕ್ಷಿಸುವವರು ಯಾರೂ ಇಲ್ಲ ಎಂಬ ಮಾತೂ ಅಲ್ಲಿದೆ. ನರಳಾಟವನ್ನು ನಿರೀಕ್ಷೆಯ ವಿರುದ್ಧಪದವೆಂದು ಕಾಣದೆ ಅದರ ದನಿಯೆಂದು ಕಂಡದ್ದು ಪೌಲನ ದೊಡ್ಡ ಕಾಣ್ಕೆ.

ಸುವಾರ್ತೆಗಳಲ್ಲಿ ಕಾಯುವವರು ಬಹಳ. ಲೂಕನ ಸುವಾರ್ತೆಯ ಆರಂಭದಲ್ಲೇ ಯೆರೂಸಲೇಮಿನ ದೇವಾಲಯದಲ್ಲಿ ಅನ್ನ ಎಂಬ ಮುದುಕಿ ಸಿಗುತ್ತಾಳೆ. ಮದುವೆಯಾಗಿ ಏಳು ವರ್ಷಕ್ಕೆ ಗಂಡ ಹೋದ. ಆಮೇಲಿನದೆಲ್ಲ ವೈಧವ್ಯ, ಉಪವಾಸ, ಪ್ರಾರ್ಥನೆ. ಕೂಸು ಯೇಸುವನ್ನು ಕಾಣುವ ಹೊತ್ತಿಗೆ ಅವಳ ಬಾಳಿನ ಲೆಕ್ಕ 84ಕ್ಕೆ ಬಂದಿದೆ. ಕನ್ನಡ ಓದುಗರಿಗೆ ಇಲ್ಲಿ ಶಬರಿ ನೆನಪಾಗದಿರಳು. ಇಬ್ಬರ ಕಾಯುವಿಕೆಯೂ ಒಂದು ಘಟನೆಗಾಗಿ ಅಲ್ಲ, ಒಬ್ಬ ವ್ಯಕ್ತಿಗಾಗಿ. ಯೋಹಾನನ ಸುವಾರ್ತೆಯ 11ನೇ ಅಧ್ಯಾಯದಲ್ಲಿ ಬೇಥಾನ್ಯದ ಲಾಜರ ಕಾಯಿಲೆ ಬಿದ್ದಿದ್ದಾನೆಂದು ಸುದ್ದಿ ಬಂದರೂ ಯೇಸು ಎರಡು ದಿನ ತಡಮಾಡುತ್ತಾನೆ. ತಲುಪುವಾಗ ಸತ್ತು ನಾಲ್ಕು ದಿನವಾಗಿದೆ. ನೀನು ಇಲ್ಲಿದ್ದಿದ್ದರೆ ನಮ್ಮಣ್ಣ ಸಾಯುತ್ತಿರಲಿಲ್ಲ ಎಂದು ಮಾರ್ಥಳೂ ಮರಿಯಳೂ ಬೇರೆಬೇರೆಯಾಗಿ ಅದೇ ಆಕ್ಷೇಪಣೆ ಮಾಡುತ್ತಾರೆ. ಇನ್ನು ಕೆಲವೇ ನಿಮಿಷಗಳಲ್ಲಿ ಸತ್ತವನನ್ನು ಎಬ್ಬಿಸುವೆನೆಂದು ತಿಳಿದಿದ್ದೂ ಯೇಸು ಅಳುತ್ತಾನೆ. ಪುನರುತ್ಥಾನವಿದೆಯಲ್ಲ, ಯಾಕಳುತ್ತೀರಿ ಎನ್ನುವ ಪ್ರಸಂಗಿಗಳು ಈ ಚಿಕ್ಕ ವಚನವನ್ನು ದಾಟಿಕೊಂಡೇ ಹೋಗಬೇಕಾಗುತ್ತದೆ.

ಶನಿವಾರ

ಶುಭ ಶುಕ್ರವಾರಕ್ಕೂ ಈಸ್ಟರ್ ಭಾನುವಾರಕ್ಕೂ ನಡುವಿನ ಪವಿತ್ರ ಶನಿವಾರದಂದು ಏನಾಯಿತೆಂದು ಸುವಾರ್ತೆಗಳು ಬಹುಮಟ್ಟಿಗೆ ಸುಮ್ಮನಿವೆ. ಹೆಂಗಸರು ಸಬ್ಬತ್ತಿನ ನಿಯಮದಂತೆ ವಿಶ್ರಮಿಸಿಕೊಂಡರು ಎಂದು ಲೂಕ ಒಂದು ಸಾಲು ಬರೆದು ಮುಂದೆ ಹೋಗುತ್ತಾನೆ. ಆ ದಿನ ಕ್ಯಾಥೊಲಿಕ್ ದೇವಾಲಯಗಳಲ್ಲಿ ಹಗಲಿನಲ್ಲಿ ಬಲಿಪೂಜೆ ಇಲ್ಲ, ಬಲಿಪೀಠದ ಮೇಲೆ ಬಟ್ಟೆಯಿಲ್ಲ, ಪ್ರಸಾದ ಪೆಟ್ಟಿಗೆಯ ಬಾಗಿಲು ತೆರೆದು ಖಾಲಿ ಕಾಣುತ್ತದೆ. ಕ್ರಿಸ್ತನು ಪಾತಾಳಕ್ಕಿಳಿದನು ಎಂಬ ವಿಶ್ವಾಸಪ್ರಮಾಣದ ಮಾತನ್ನು ಸಭೆ ಈ ದಿನಕ್ಕೆ ಹೊಂದಿಸುತ್ತದೆ. ಪೂರ್ವ ದೇಶಗಳ ಆರ್ಥಡಾಕ್ಸ್ ಚಿತ್ರಗಳಲ್ಲಿ ಅವನು ಮುರಿದ ಬಾಗಿಲುಗಳ ಮೇಲೆ ನಿಂತು ಆದಾಮ ಹವ್ವರನ್ನು ಮಣಿಕಟ್ಟು ಹಿಡಿದು ಮೇಲೆಳೆಯುತ್ತಾನೆ.

ಶೋಕದಲ್ಲಿರುವವರ ದಿನ ಇದೇ ಎಂದು 20ನೇ ಶತಮಾನದ ಕೆಲವು ದೇವಶಾಸ್ತ್ರಜ್ಞರು ಕಂಡರು. ಸ್ವಿಟ್ಜರ್ಲೆಂಡಿನ ಹಾನ್ಸ್ ಉರ್ಸ್ ಫಾನ್ ಬಾಲ್ತಸಾರ್ ಪಾತಾಳಕ್ಕಿಳಿದ ಕ್ರಿಸ್ತನಲ್ಲಿ ಗೆದ್ದ ಅರಸನನ್ನು ಕಾಣದೆ, ಸತ್ತವರೊಡನೆ ಸತ್ತವನಾಗಿ ಸುಮ್ಮನೆ ಮಲಗಿದವನನ್ನು ಕಂಡರು. ಸ್ಕಾಟ್ಲೆಂಡಿನ ಆಲನ್ ಲೂಯಿಸ್ ಶನಿವಾರದ ದೇವಶಾಸ್ತ್ರವನ್ನೇ ಒಂದು ದೊಡ್ಡ ಪುಸ್ತಕವಾಗಿ ಬರೆದರು. ಬರೆಯುತ್ತಿರುವಾಗಲೇ ಕ್ಯಾನ್ಸರ್ ಹಿಡಿದು 1994ರಲ್ಲಿ ತೀರಿಕೊಂಡರು; ಪುಸ್ತಕ ಅಚ್ಚಾದದ್ದು 2001ರಲ್ಲಿ. ಅವರ ವಾದದ ತಿರುಳು ಇಷ್ಟು: ಭಾನುವಾರವನ್ನು ಮೊದಲೇ ತಿಳಿದುಕೊಂಡು ಕಥೆ ಓದುವವರಿಗೆ ಶನಿವಾರ ಒಂದು ವಿರಾಮ, ಅದರೊಳಗಿದ್ದ ಶಿಷ್ಯರಿಗೆ ಅದೇ ಕೊನೆ. ಎಮ್ಮಾಹು ಊರಿನ ದಾರಿಯಲ್ಲಿ ಇಬ್ಬರು ಶಿಷ್ಯರು ಅಪರಿಚಿತನ ಮುಂದೆ ನಿರೀಕ್ಷಿಸು ಎಂಬ ಕ್ರಿಯಾಪದವನ್ನು ಬಳಸುವುದು ಭೂತಕಾಲದಲ್ಲಿ. ಹಾಗೆ ಭೂತಕಾಲದಲ್ಲಿ ಮಾತಾಡುವವರ ಜೊತೆಗೇ ಎದ್ದುಬಂದವನು ಹೆಜ್ಜೆ ಹಾಕುತ್ತಿದ್ದ ಎಂಬುದು ಲೂಕನ ಕಥನದ ಸೊಗಸು.

ಅತ್ತ ಗುರುಗಳು

ಕ್ರಿ.ಶ. 379ರಲ್ಲಿ ಅಣ್ಣ ಬೆಸಿಲ್‌ನನ್ನು ಕಳೆದುಕೊಂಡಿದ್ದ ನಿಸ್ಸಾದ ಗ್ರೆಗರಿ ಸಾಂತ್ವನ ಹುಡುಕಿಕೊಂಡು ಅಕ್ಕ ಮಕ್ರೀನಾಳ ಬಳಿಗೆ ಬಂದರೆ, ಅವಳೂ ಸಾವಿನ ಹಾಸಿಗೆಯಲ್ಲಿದ್ದಳು. ಅವರಿಬ್ಬರ ಮಾತುಕತೆಯ ರೂಪದಲ್ಲಿ ಗ್ರೆಗರಿ ಆತ್ಮ ಮತ್ತು ಪುನರುತ್ಥಾನದ ಬಗ್ಗೆ ಒಂದು ಗ್ರಂಥ ಬರೆದ. ಪಳಗಿದ ಸವಾರ ಬೆದರಿದ ಕುದುರೆಯನ್ನು ಸ್ವಲ್ಪ ದೂರ ಓಡಲು ಬಿಟ್ಟು ಆಮೇಲೆ ಲಗಾಮು ಎಳೆಯುವಂತೆ ಅಕ್ಕ ತನ್ನನ್ನು ಮೊದಲು ಅಳಲು ಬಿಟ್ಟಳು ಎಂದು ಅದರ ಆರಂಭದಲ್ಲಿ ಬರೆಯುತ್ತಾನೆ. ಪಶ್ಚಿಮದ ಅಗಸ್ಟೀನನಿಗೆ ಅಷ್ಟೂ ಬಿಡುವು ಸಿಗಲಿಲ್ಲ. 387ರಲ್ಲಿ ಓಸ್ತಿಯಾ ಬಂದರಿನಲ್ಲಿ ತಾಯಿ ಮೋನಿಕಾ ತೀರಿಕೊಂಡಾಗ, ವಿಶ್ವಾಸಿಯ ಸಾವಿಗೆ ಅಳುವುದು ತರವಲ್ಲವೆಂದು ಕಣ್ಣೀರನ್ನು ಬಲವಂತವಾಗಿ ತಡೆದ, ಸ್ನಾನ ಮಾಡಿದರೆ ಹಗುರಾದೀತೆಂದು ಸ್ನಾನಕ್ಕೂ ಹೋದ, ಆಗಲಿಲ್ಲ. ಕೊನೆಗೆ ಒಬ್ಬನೇ ಇದ್ದಾಗ ಅತ್ತುಬಿಟ್ಟ. ‘ಅರಿಕೆಗಳು’ ಗ್ರಂಥದ ಒಂಬತ್ತನೆಯ ಭಾಗದಲ್ಲಿ ಇದನ್ನು ಬರೆಯುವಾಗಲೂ, ಅತ್ತದ್ದು ಪಾಪವೆಂದು ಯಾರಿಗಾದರೂ ಕಂಡರೆ ನಗದೆ ನನಗಾಗಿ ಅಳಲಿ ಎಂಬ ಧಾಟಿಯಲ್ಲಿ ಸಮಜಾಯಿಷಿ ಕೊಡುತ್ತಾನೆ.

13ನೇ ಶತಮಾನದ ಥಾಮಸ್ ಅಕ್ವಿನಾಸ್ ನಿರೀಕ್ಷೆಗೆ ಶಿಸ್ತಿನ ವ್ಯಾಖ್ಯೆ ಕೊಟ್ಟ: ಅದು ಒಳಿತಿನ ಬಗ್ಗೆ ಇರಬೇಕು, ಮುಂದೆ ಬರುವುದಾಗಿರಬೇಕು, ಕಷ್ಟಸಾಧ್ಯವಾಗಿರಬೇಕು, ಆದರೂ ಸಾಧ್ಯವಾಗಿರಬೇಕು. ಅದಕ್ಕೆ ವೈರಿಗಳು ಇಬ್ಬರು. ಹತಾಶೆ ಎಲ್ಲರಿಗೂ ಗೊತ್ತಿರುವ ವೈರಿ. ಇನ್ನೊಂದು, ಎಲ್ಲವೂ ಆಗಲೇ ಕೈಗೆ ಬಂದಂತೆ ಮೆರೆಯುವ ಅತಿನೆಚ್ಚು. ಕಷ್ಟವನ್ನು ಅಲ್ಲಗಳೆದು ಹಲ್ಲುಕಿರಿಯುವ ಸಾಂತ್ವನವನ್ನು ಈ ಎರಡನೆಯ ಸಾಲಿಗೆ ಸೇರಿಸಿದರೆ ತಪ್ಪಾಗಲಾರದು. ನಂಬಿಕೆ, ನಿರೀಕ್ಷೆ, ಪ್ರೀತಿ ಎಂಬ ಮೂರು ಭಾಗಗಳಲ್ಲಿ ಅವನು ಬರೆಯಲು ತೊಡಗಿದ ಚಿಕ್ಕ ಕೈಪಿಡಿಯೊಂದಿದೆ. ಮೊದಲ ಭಾಗ ಮುಗಿಯಿತು. ನಿರೀಕ್ಷೆಯ ಭಾಗದ ಹತ್ತನೇ ಅಧ್ಯಾಯದಲ್ಲಿ ಬರಹ ನಿಂತಿದೆ. 1274ರಲ್ಲಿ ಅವನು ತೀರಿಕೊಂಡ.

ಮಾರ್ಟಿನ್ ಲೂಥರನ ಮಗಳು ಮಗ್ದಲೇನಾ 1542ರಲ್ಲಿ 13ನೇ ವಯಸ್ಸಿಗೆ ಅಪ್ಪನ ತೋಳಿನಲ್ಲೇ ಪ್ರಾಣಬಿಟ್ಟಳು. ಅವಳು ದೇವರ ಬಳಿ ಕ್ಷೇಮವಾಗಿದ್ದಾಳೆಂದು ತನಗೂ ಹೆಂಡತಿಗೂ ಗೊತ್ತು, ಆದರೂ ಕ್ರಿಸ್ತನ ಸಾವಿನ ನೆನಪೂ ಈ ಸಂಕಟವನ್ನು ಪೂರ್ತಿ ತೆಗೆಯಲಾರದಾಗಿದೆ ಎಂಬರ್ಥದಲ್ಲಿ ಗೆಳೆಯ ಯುಸ್ತುಸ್ ಯೋನಾಸ್‌ಗೆ ಕಾಗದ ಬರೆದ. ನಂಬಿಕೆಯೊಂದೇ ಸಾಕು ಎಂದು ಯುರೋಪನ್ನೇ ಅಲುಗಿಸಿದವನ ಮಾತಿದು.

ಆಗಮನ ಕಾಲ, ಸೆರೆಮನೆ

ಕಾಯುವುದಕ್ಕೇ ಒಂದು ಋತು ಇಟ್ಟಿರುವುದು ಕ್ರೈಸ್ತ ಪಂಚಾಂಗದ ವೈಶಿಷ್ಟ್ಯ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲದಲ್ಲಿ ಪಾದ್ರಿಯ ಉಡುಪು ನೇರಳೆ, ಬಲಿಪೂಜೆಯಲ್ಲಿ ಮಹಿಮಾಗೀತೆಯಿಲ್ಲ. ಈ ಕಾಲ ಮೊಳೆತದ್ದು 4ರಿಂದ 6ನೇ ಶತಮಾನಗಳ ನಡುವೆ ಗಾಲ್ ಮತ್ತು ಸ್ಪೇನ್ ಪ್ರಾಂತ್ಯಗಳಲ್ಲಿ. ಇಂದು ಎಲ್ಲೆಡೆ ಕಾಣುವ ಮೊಂಬತ್ತಿಗಳ ಹಸಿರು ಬಳೆ ಬಹಳ ಈಚಿನದು. ಹ್ಯಾಂಬರ್ಗಿನ ಬಡಮಕ್ಕಳ ಆಶ್ರಮದಲ್ಲಿ ಕ್ರಿಸ್‌ಮಸ್ ಯಾವಾಗ, ಯಾವಾಗ ಎಂದು ಮಕ್ಕಳು ದಿನವೂ ಪೀಡಿಸುತ್ತಿದ್ದರಂತೆ. ಅದನ್ನು ನಡೆಸುತ್ತಿದ್ದ ಯೋಹಾನ್ ಹಿನ್‌ರಿಶ್ ವಿಖರ್ನ್ 1839ರಲ್ಲಿ ಗಾಡಿಯ ಚಕ್ರವೊಂದರ ಮೇಲೆ ಭಾನುವಾರಗಳಿಗೆ ದೊಡ್ಡ ಬಿಳಿ, ವಾರದ ದಿನಗಳಿಗೆ ಸಣ್ಣ ಕೆಂಪು ಮೊಂಬತ್ತಿಗಳನ್ನು ನಿಲ್ಲಿಸಿ ದಿನಕ್ಕೊಂದು ಹಚ್ಚತೊಡಗಿದ.

ಆಗಮನ ಕಾಲದ ಅತ್ಯುತ್ತಮ ಬರಹಗಳು ಮಾತ್ರ ಬಂದದ್ದು ಬರ್ಲಿನ್ನಿನ ಟೇಗಲ್ ಸೆರೆಮನೆಯಿಂದ. ಹಿಟ್ಲರನ ವಿರುದ್ಧದ ಸಂಚಿನ ನಂಟಿದ್ದ ಲೂಥರನ್ ಪಾದ್ರಿ ಡೀಟ್ರಿಶ್ ಬಾನ್‌ಹೋಫರ್ 1943ರ ಏಪ್ರಿಲ್ 5ರಂದು ಬಂಧಿತನಾದ. ಜೈಲಿನ ಕೋಣೆಗೂ ಆಗಮನ ಕಾಲಕ್ಕೂ ಹೋಲಿಕೆಯಿದೆ, ಏನೇನೋ ಮಾಡುತ್ತ ಕಾಯುತ್ತೇವೆ, ಬಾಗಿಲು ಮಾತ್ರ ಹೊರಗಿನಿಂದಲೇ ತೆರೆಯಬೇಕು ಎಂದು ಆ ನವೆಂಬರಿನಲ್ಲಿ ಬರೆದ. ಅದೇ ಕ್ರಿಸ್‌ಮಸ್ ಹಿಂದಿನ ದಿನದ ಕಾಗದದಲ್ಲಿ ಅಗಲಿಕೆಯ ಬಗ್ಗೆ ಅವನು ಹೇಳಿದ್ದು ಶೋಕಸಾಹಿತ್ಯದಲ್ಲೇ ಅಪೂರ್ವ. ಪ್ರಿಯರು ಬಿಟ್ಟುಹೋದ ಜಾಗವನ್ನು ಯಾವುದರಿಂದಲೂ ತುಂಬಲಾಗದು, ತುಂಬಲೂಬಾರದು. ದೇವರು ಅದನ್ನು ತುಂಬುತ್ತಾನೆ ಎಂಬ ಮಾತೂ ಸರಿಯಲ್ಲ, ಅವನು ಅದನ್ನು ಖಾಲಿಯಾಗಿಯೇ ಉಳಿಸಿ, ನೋವಿನ ಮೂಲಕವಾದರೂ ನಂಟನ್ನು ಕಾಯುತ್ತಾನೆ ಎಂಬುದು ಅದರ ಸಾರ. 1945ರ ಏಪ್ರಿಲ್ 9ರಂದು ಫ್ಲೋಸೆನ್‌ಬುರ್ಗ್ ಶಿಬಿರದಲ್ಲಿ ಅವನನ್ನು ಗಲ್ಲಿಗೇರಿಸಿದರು. ಟೇಗಲ್‌ನಲ್ಲೇ 1944ರ ಡಿಸೆಂಬರಿನಲ್ಲಿ ಜೆಸ್ವಿಟ್ ಪಾದ್ರಿ ಆಲ್ಫ್ರೆಡ್ ಡೆಲ್ಪ್ ಕೋಳ ತೊಡಿಸಿದ ಕೈಗಳಿಂದ ಆಗಮನದ ಧ್ಯಾನಗಳನ್ನು ಚೀಟಿಗಳಲ್ಲಿ ಬರೆದು ಹೊರಗೆ ಸಾಗಿಸಿದ. ಮುಂದಿನ ಫೆಬ್ರುವರಿ 2ರಂದು ಅವನಿಗೂ ಗಲ್ಲು.

ಯುದ್ಧದ ನಂತರ

ಹ್ಯಾಂಬರ್ಗಿನ ಯುರ್ಗನ್ ಮೋಲ್ಟ್‌ಮನ್‌ಗೆ 1943ರ ಜುಲೈಯಲ್ಲಿ 17 ವರ್ಷ. ವಿಮಾನ ನಿರೋಧಕ ದಳದಲ್ಲಿ ಸಹಾಯಕನಾಗಿದ್ದಾಗ ಹತ್ತಾರು ಸಾವಿರ ಜನರನ್ನು ಸುಟ್ಟ ಬಾಂಬ್ ದಾಳಿಯಲ್ಲಿ ಪಕ್ಕದಲ್ಲೇ ನಿಂತಿದ್ದ ಗೆಳೆಯ ಸತ್ತ. ಧರ್ಮದ ಗಂಧವಿಲ್ಲದ ಮನೆಯಲ್ಲಿ ಬೆಳೆದಿದ್ದ ಹುಡುಗ ಆ ರಾತ್ರಿ ದೇವರೇ, ಎಲ್ಲಿದ್ದೀ ಎಂದು ಮೊದಲ ಬಾರಿಗೆ ಕೂಗಿದ. ಯುದ್ಧಕೈದಿಯಾಗಿ ಸ್ಕಾಟ್ಲೆಂಡಿನಲ್ಲಿದ್ದಾಗ ಯಾರೋ ಕೊಟ್ಟ ಬೈಬಲಿನಲ್ಲಿ 39ನೇ ಕೀರ್ತನೆಯನ್ನೂ, ಮಾರ್ಕನ ಸುವಾರ್ತೆಯಲ್ಲಿ ಕೈಬಿಟ್ಟೆಯೇಕೆಂದು ಕೂಗುವ ಯೇಸುವನ್ನೂ ಓದಿದ. 1964ರಲ್ಲಿ ಬಂದ ಅವರ ‘ನಿರೀಕ್ಷೆಯ ದೇವಶಾಸ್ತ್ರ’ ಆ ಕಾಲದ ಕ್ರೈಸ್ತ ಚಿಂತನೆಯನ್ನು ತಿರುಗಿಸಿತು. ನಿರೀಕ್ಷೆಯೆಂದರೆ ಪರಲೋಕದ ಕಡೆಗಿನ ಪಲಾಯನವಲ್ಲ, ಎದ್ದುಬಂದ ಕ್ರಿಸ್ತನನ್ನು ನೆಚ್ಚಿದವರು ಈ ಲೋಕ ಇದ್ದ ಹಾಗೇ ಇರಲಿ ಎಂದು ಒಪ್ಪಿಕೊಳ್ಳಲಾರರು ಎಂಬುದು ಅವರ ವಾದ. ಮಾರ್ಕ್ಸ್‌ವಾದಿ ಎರ್ನ್ಸ್ಟ್ ಬ್ಲೋಖ್ ಅವರಿಂದ ಪಡೆದ ಸಾಲವನ್ನು ಮೋಲ್ಟ್‌ಮನ್ ಮರೆಮಾಚಲಿಲ್ಲ. 1972ರಲ್ಲಿ ಶಿಲುಬೆಗೇರಿದ ದೇವರ ಬಗ್ಗೆ ಇನ್ನೊಂದು ಗ್ರಂಥ ಬರೆದು ಮೊದಲನೆಯದರ ಮಗ್ಗುಲಲ್ಲಿಟ್ಟರು. 2024ರ ಜೂನ್‌ನಲ್ಲಿ 98ನೇ ವಯಸ್ಸಿಗೆ ತೀರಿಕೊಂಡರು.

ಲೇಖಕ ಸಿ.ಎಸ್. ಲೂಯಿಸ್ 1940ರಲ್ಲಿ ನೋವಿನ ಸಮಸ್ಯೆಯನ್ನು ತರ್ಕದಿಂದ ಬಿಡಿಸುವ ಅಚ್ಚುಕಟ್ಟಾದ ಪುಸ್ತಕ ಬರೆದಿದ್ದ. 1960ರಲ್ಲಿ ಹೆಂಡತಿ ಜಾಯ್ ಕ್ಯಾನ್ಸರಿನಿಂದ ಸತ್ತಾಗ ನೋಟ್‌ಬುಕ್ಕುಗಳಲ್ಲಿ ಬರೆದುಕೊಂಡದ್ದು ಅದಕ್ಕೆ ತದ್ವಿರುದ್ಧ. ದೇವರು ಬಾಗಿಲು ಹಾಕಿಕೊಂಡನೆಂಬ ಸಿಟ್ಟು, ನಾಚಿಕೆ, ಮರೆವಿನ ಭಯ. ಮರುವರ್ಷ ಎನ್.ಡಬ್ಲ್ಯು. ಕ್ಲರ್ಕ್ ಎಂಬ ಸುಳ್ಳು ಹೆಸರಿನಲ್ಲಿ ಅದನ್ನು ಪ್ರಕಟಿಸಿದ. ಎರಡರಲ್ಲಿ ಇಂದೂ ಶೋಕಿತರ ಕೈಗೆ ಕೊಡಬಹುದಾದದ್ದು ಎರಡನೆಯದೇ. ಅಮೆರಿಕದ ತತ್ತ್ವಶಾಸ್ತ್ರಜ್ಞ ನಿಕೊಲಸ್ ವೋಲ್ಟರ್‌ಸ್ಟಾರ್ಫ್ ಪರ್ವತಾರೋಹಣದಲ್ಲಿ ಸತ್ತ ಮಗನಿಗಾಗಿ 1987ರಲ್ಲಿ ಬರೆದ ಪುಟ್ಟ ಪುಸ್ತಕವೂ ಇದೇ ಜಾತಿಯದು. ಅದಕ್ಕೂ ಒಂದು ವರ್ಷ ಮೊದಲು ಹಳೆಯ ಒಡಂಬಡಿಕೆಯ ವಿದ್ವಾಂಸ ವಾಲ್ಟರ್ ಬ್ರೂಗಮನ್ ಒಂದು ಲೇಖನದಲ್ಲಿ, ಆರಾಧನೆಯಿಂದ ಗೋಳಿನ ಕೀರ್ತನೆಗಳನ್ನು ಕೈಬಿಟ್ಟ ಸಭೆಗಳು ದೊಡ್ಡ ಬೆಲೆ ತೆರುತ್ತಿವೆ ಎಂದು ಎಚ್ಚರಿಸಿದ್ದರು: ದೂರು ಹೇಳಲು ಬಾರದ ಜನ ದೇವರ ಮುಂದೆಯೂ ಅರಸರ ಮುಂದೆಯೂ ಬರಿಯ ಹೊಗಳುಭಟ್ಟರಾಗುತ್ತಾರೆ.

ನಿರೀಕ್ಷೆ ಸಿಗದವರು

ಸಭೆಯೇ ಕೆಲವು ಶೋಕಿತರಿಗೆ ನಿರೀಕ್ಷೆಯನ್ನು ನಿರಾಕರಿಸಿತ್ತು ಎಂಬುದನ್ನು ಬಿಟ್ಟರೆ ಈ ವಿಷಯದ ನಿರೂಪಣೆ ಅಪ್ರಾಮಾಣಿಕವಾಗುತ್ತದೆ. ದೀಕ್ಷಾಸ್ನಾನವಿಲ್ಲದೆ ಸತ್ತ ಕೂಸುಗಳಿಗೆ ಶಿಕ್ಷೆ ಅತಿ ಸೌಮ್ಯವಾದರೂ ಉಂಟೇ ಉಂಟು ಎಂದಿದ್ದ ಅಗಸ್ಟೀನ್. ಮಧ್ಯಯುಗದವರು ಅದನ್ನು ಮೆದುಗೊಳಿಸಿ, ನೋವೂ ಇಲ್ಲದ ದೇವದರ್ಶನವೂ ಇಲ್ಲದ ‘ಲಿಂಬೊ’ ಎಂಬ ಅಂಚಿನ ತಾಣವನ್ನು ಕಲ್ಪಿಸಿದರು. ಅಂಥ ಮಕ್ಕಳಿಗೆ ಅಭಿಷಿಕ್ತ ಸ್ಮಶಾನದಲ್ಲಿ ಜಾಗವಿರಲಿಲ್ಲ. ಐರ್ಲೆಂಡಿನ ಹಳ್ಳಿಗಳ ಅಂಚಿನಲ್ಲಿ ‘ಕಿಲ್ಲೀನಿ’ ಎಂಬ ಗುರುತಿಲ್ಲದ ಹೂಳುಗಾಡುಗಳು ಇಂದಿಗೂ ಇವೆ; ಅಪ್ಪಂದಿರು ಹೆಚ್ಚಾಗಿ ರಾತ್ರಿ ಹೊತ್ತು ಕೂಸನ್ನು ಹೊತ್ತು ಹೋಗಿ ಹೂಳುತ್ತಿದ್ದರು. ತಾಯಿಗೆ ಅಳಲು ಒಂದು ಕಲ್ಲೂ ಇರುತ್ತಿರಲಿಲ್ಲ. 1969ರ ಪರಿಷ್ಕೃತ ಅಂತ್ಯಸಂಸ್ಕಾರ ವಿಧಿಯಲ್ಲಿ ಈ ಮಕ್ಕಳಿಗೂ ಪ್ರಾರ್ಥನೆ ಸೇರಿತು. 2007ರಲ್ಲಿ ವ್ಯಾಟಿಕನ್ನಿನ ಅಂತಾರಾಷ್ಟ್ರೀಯ ದೇವಶಾಸ್ತ್ರ ಆಯೋಗ, ಅವರು ರಕ್ಷಣೆ ಹೊಂದುತ್ತಾರೆಂದು ನಿರೀಕ್ಷಿಸಲು ಬಲವಾದ ಆಧಾರಗಳಿವೆ ಎಂದು ಬರೆಯಿತು. ಖಚಿತ ಜ್ಞಾನವಲ್ಲ, ನಿರೀಕ್ಷೆ ಎಂದು ಒತ್ತಿ ಹೇಳಿತು. ಆತ್ಮಹತ್ಯೆಯ ಕಥೆಯೂ ಹೀಗೆಯೇ. 1917ರ ಧರ್ಮಸಂಹಿತೆ ಬೇಕೆಂದೇ ಪ್ರಾಣ ಕಳೆದುಕೊಂಡವರಿಗೆ ಸಭೆಯ ಅಂತ್ಯಸಂಸ್ಕಾರ ಕೊಡಕೂಡದೆಂದಿತ್ತು. 1983ರ ಸಂಹಿತೆಯಲ್ಲಿ ಆ ನಿಯಮವಿಲ್ಲ. 1992ರ ಧರ್ಮೋಪದೇಶ ಗ್ರಂಥ ಅಂಥವರ ಬಗ್ಗೆ ಹತಾಶರಾಗಬಾರದೆಂದು ಹೇಳಿ, ಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ ಎನ್ನುತ್ತದೆ. ಎಷ್ಟೋ ಮನೆಗಳಿಗೆ ಈ ಮಾತು ತಡವಾಗಿ ಬಂತು.

ಈಚಿನ ಪೋಪರಲ್ಲಿ 16ನೇ ಬೆನೆಡಿಕ್ಟ್ 2007ರ ನವೆಂಬರಿನಲ್ಲಿ ನಿರೀಕ್ಷೆಯ ಬಗ್ಗೆಯೇ ಒಂದು ವಿಶ್ವಪತ್ರ ಹೊರಡಿಸಿ, ಸುಡಾನಿನಲ್ಲಿ ಗುಲಾಮಳಾಗಿ ಮಾರಾಟವಾದ ಜೋಸೆಫೀನ್ ಬಖೀತಾಳನ್ನು ಅದರ ಮೊದಲ ಪುಟಗಳಲ್ಲೇ ನೆನೆದರು. ಫ್ರಾನ್ಸಿಸ್ 2025ನ್ನು ನಿರೀಕ್ಷೆಯ ಜ್ಯೂಬಿಲಿ ವರ್ಷವೆಂದು ಸಾರಿದರು. ಆ ವರ್ಷದ ಏಪ್ರಿಲ್ 21ರಂದು, ಈಸ್ಟರಿನ ಮರುದಿನ, ಅವರೇ ತೀರಿಕೊಂಡರು.

ಕರ್ನಾಟಕದಲ್ಲಿ

ಕರಾವಳಿಯ ಕ್ಯಾಥೊಲಿಕರ ಸಾಮುದಾಯಿಕ ನೆನಪಿನಲ್ಲಿ ಕಾಯುವಿಕೆಗೆ ನಿರ್ದಿಷ್ಟ ಅಳತೆಯಿದೆ: 15 ವರ್ಷ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಅವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದರು, ಪಾದ್ರಿಗಳನ್ನು ಗಡೀಪಾರು ಮಾಡಿದರು, ಚರ್ಚುಗಳನ್ನು ಕೆಡವಿದರು. ಅವರು ಬ್ರಿಟಿಷರಿಗೆ ನೆರವಾದರೆಂಬ ಶಂಕೆಯನ್ನು ಕಾರಣವಾಗಿ ಹೇಳಲಾಗುತ್ತದೆ. ಸೆರೆಯಾದವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಉಳಿದವರು ಊರಿಗೆ ಮರಳಿ, ಕೆಡವಿದ ಚರ್ಚುಗಳನ್ನು ಒಂದೊಂದಾಗಿ ಕಟ್ಟಿಕೊಂಡರು. ದಾರಿಯಲ್ಲಿ ಮತ್ತು ಸೆರೆಯಲ್ಲಿ ಸತ್ತವರಲ್ಲಿ ಹೆಚ್ಚಿನವರಿಗೆ ಗೋರಿಯಿಲ್ಲ.

ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಅವರು ಕಟ್ಟಿದ ಶಾಲೆ, ಮುದ್ರಣಾಲಯ, ಹೆಂಚಿನ ಕಾರ್ಖಾನೆಗಳ ಕಥೆ ಚೆನ್ನಾಗಿ ಗೊತ್ತಿರುವುದು. ಮಿಷನರಿಗಳ ಮಕ್ಕಳನ್ನು ಎಳವೆಯಲ್ಲೇ ಯುರೋಪಿಗೆ ಕಳಿಸಬೇಕೆಂದು 1853ರಿಂದ ನಿಯಮವೇ ಇತ್ತೆಂಬುದು ಅಷ್ಟಾಗಿ ಗೊತ್ತಿಲ್ಲ. ಆಮೇಲೆ ತಾಯಿಗೆ ಉಳಿಯುತ್ತಿದ್ದದ್ದು ತಿಂಗಳುಗಟ್ಟಲೆ ಹಡಗಿನಲ್ಲಿ ಬರುವ ಕಾಗದಗಳು. ನಿಯಮಕ್ಕೂ ಮುಂಚೆಯೇ ಈ ರೂಢಿಯಿತ್ತು: ಮಲಯಾಳದ ನಿಘಂಟುಕಾರ ಹರ್ಮನ್ ಗುಂಡರ್ಟ್ ಅವರ ಮಗಳು ಮರೀ ತಲಶ್ಶೇರಿಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಯುರೋಪಿನಲ್ಲಿ ಉಳಿದು, ಮತ್ತೆ ತಂದೆತಾಯಿಯರ ಬಳಿಗೆ ಬಂದದ್ದು 1857ರಲ್ಲಿ, ಹದಿಹರೆಯಕ್ಕೆ ಬಂದ ಮೇಲೆ. ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಾಯಿ ಇವಳೇ. ಮರುಮಿಲನದ ನಿರೀಕ್ಷೆಯನ್ನು ಬೋಧಿಸಲು ಬಂದವರು ಅದನ್ನು ಮೊದಲು ತಮ್ಮ ಮಕ್ಕಳ ವಿಷಯದಲ್ಲಿ ಕಲಿಯಬೇಕಾಯಿತು, ಮತ್ತು ಆ ಮಕ್ಕಳನ್ನು ಯಾರೂ ಕೇಳಿರಲಿಲ್ಲ.

ಕನ್ನಡನಾಡಿನ ಕ್ರೈಸ್ತರ ಸಾವಿನ ಮಾತುಗಳಲ್ಲಿ ಬೈಬಲಿನದು, ನಾಡಿನದು ಎಂಬ ಎರಡು ಪರಂಪರೆಗಳೂ ಬೆರೆತಿವೆ. ಪ್ರೊಟೆಸ್ಟಂಟರ ಕರೆಯೋಲೆಗಳಲ್ಲಿ ‘ಕರ್ತನಲ್ಲಿ ನಿದ್ರೆಹೋದರು’ ಎಂದಿರುತ್ತದೆ, ಪೌಲನ ಆ ಹಳೆಯ ಪದ. ಕ್ಯಾಥೊಲಿಕರಲ್ಲಿ ‘ದೈವಾಧೀನರಾದರು’ ಎನ್ನುವುದು ನೆರೆಹೊರೆಯವರ ರೂಢಿಯೂ ಹೌದು. ಹಳ್ಳಿಗಳಲ್ಲಿ ಎಲ್ಲ ಜಾತಿಯವರಂತೆ ಇವರೂ ‘ಮಣ್ಣಿಗೆ ಹೋಗಿದ್ದೆ’ ಎನ್ನುತ್ತಾರೆ. ಗುಂಡಿಯ ಸುತ್ತ ನಿಂತವರು ಒಬ್ಬೊಬ್ಬರಾಗಿ ಹಿಡಿಮಣ್ಣು ಹಾಕುವಾಗ ಹಾಡು ನಿಲ್ಲುವುದಿಲ್ಲ, ಅಳುವೂ ನಿಲ್ಲುವುದಿಲ್ಲ. ಕ್ಲುನಿ ಮಠದ ಓದಿಲೋ 10ನೇ ಶತಮಾನದ ಕೊನೆಯಲ್ಲಿ ತನ್ನ ಮಠಗಳಿಗೆ ಗೊತ್ತುಮಾಡಿದ ಮೃತರ ಸ್ಮರಣೆಯ ದಿನ, ನವೆಂಬರ್ 2, ಮಂಗಳೂರು, ಉಡುಪಿ, ಬೆಂಗಳೂರುಗಳ ಕ್ರೈಸ್ತ ಸ್ಮಶಾನಗಳಲ್ಲಿ ಜನಜಾತ್ರೆ. ಮುಂಚಿನ ದಿನಗಳಲ್ಲೇ ಹುಲ್ಲು ಕಿತ್ತು, ಗೋರಿಗೆ ಸುಣ್ಣ ಬಳಿದು, ಮಾಸಿದ ಅಕ್ಷರಗಳಿಗೆ ಮತ್ತೆ ಕಪ್ಪು ಬಣ್ಣ ತುಂಬಿರುತ್ತಾರೆ. ಸೇವಂತಿಗೆ, ಊದುಬತ್ತಿ, ಮೊಂಬತ್ತಿ. ಪಾದ್ರಿಗಳು ತೀರ್ಥ ಚಿಮುಕಿಸುತ್ತ ಸಾಲುಗಳ ನಡುವೆ ಬರುವಾಗ ಪ್ರತಿ ಮನೆಯವರೂ ತಮ್ಮ ಗೋರಿಯ ಬಳಿ ನಿಂತು ಕಾಯುತ್ತಾರೆ. ಕುಟುಂಬದ ಗೋರಿಗಳಲ್ಲಿ ಮೊದಲು ಹೋದವರ ಹೆಸರು, ಹುಟ್ಟಿದ ದಿನ, ಸತ್ತ ದಿನ ಕೆತ್ತಿದ ಕೆಳಗೆ ಕಲ್ಲಿನ ಮೇಲೆ ಒಂದಿಷ್ಟು ಜಾಗ ಖಾಲಿ ಬಿಟ್ಟಿರುವುದುಂಟು. ಗಾಳಿಗೆ ಆರಿದ ಬತ್ತಿಯನ್ನು ಪಕ್ಕದ ಗೋರಿಯ ದೀಪದಿಂದ ಹಚ್ಚಿಕೊಳ್ಳುತ್ತಿರುವ ಮುದುಕಿಗೆ ಆ ಜಾಗ ಯಾರದೆಂದು ಗೊತ್ತಿರುತ್ತದೆ.